ಐದೂ ಹತ್ತರ ಬಸ್ಸಿನವರು ನೋಡಿದ ಸಿನಿಮಾ

ನಾನು ನೋಡಿದ ಸಿನಿಮಾಗಳಲ್ಲಿ ಮುಕ್ಕಾಲು ಪಾಲಿನವುಗಳ ಕೊನೆ ಏನೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಹತ್ತು ಹದಿನೈದು ಬೇಸಿಗೆ ಊರಿನವರಿಗೆಲ್ಲ ಅಭಿಪ್ರಾಯ ಹೇಳಿಕೊಂಡು ಕಾಲ ಕಳೆದೆ. ಈ ಚಿತ್ರ ನೋಡಬಹುದು, ಇದು ಬೇಡ, ಇದಕ್ಕೆ ಹೆಂಗಸರನ್ನು ಕರೆದುಕೊಂಡು ಹೋಗಬೇಡಿ ಎಂದರೆ ಜನ ನನ್ನ ಮಾತನ್ನು ನಂಬುತ್ತಿದ್ದರು. ಅದರಿಂದ ಯಾರಿಗೂ ಹೇಳಿಕೊಳ್ಳುವಂಥ ಕೇಡಾಗಲಿಲ್ಲ, ಒಬ್ಬಳನ್ನು ಬಿಟ್ಟು. ಅವಳು ನನ್ನ ಹೆಂಡತಿ. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟೆಂದು ಬರೆದಿಡಲು ಕೂತಿದ್ದೇನೆ.

ಚಿಕ್ಕಜಾಜೂರಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಹೈಸ್ಕೂಲಿನಲ್ಲಿ ನಾನು ಜವಾನನಾಗಿದ್ದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದರಿಂದ ಗಂಟೆ ಹೊಡೆಯುವುದರ ಜೊತೆಗೆ ಟಪಾಲಿನ ಕೆಲಸವೂ ನನ್ನದೇ ಆಗಿತ್ತು. ಬೇಸಿಗೆ ರಜೆಯಲ್ಲಿ ಮೇಷ್ಟರುಗಳೆಲ್ಲ ಅವರವರ ಊರಿಗೆ ಹೋದರೂ ನನಗೆ ಬಿಡುವಿರುತ್ತಿರಲಿಲ್ಲ. ಫಲಿತಾಂಶದ ಪಟ್ಟಿ, ಪಠ್ಯಪುಸ್ತಕದ ಬೇಡಿಕೆ, ಹಂಚು ರಿಪೇರಿಯ ಅರ್ಜಿ ಎಂದು ವಾರಕ್ಕೊಂದು ಸಲ ಚಿತ್ರದುರ್ಗದ ಕಚೇರಿಗೆ ಹೋಗಬೇಕು. ಬೆಳಗಿನ ಬಸ್ಸಿಗೆ ಹೊರಟರೆ ಹನ್ನೆರಡರ ಹೊತ್ತಿಗೆ ಕಾಗದ ಕೊಟ್ಟು, ಸೀಲು ಹಾಕಿಸಿಕೊಂಡು ಹೊರಗೆ ಬರುತ್ತಿದ್ದೆ. ನಮ್ಮೂರಿಗೆ ಹೋಗುವ ಬಸ್ಸು ಇದ್ದದ್ದು ಸಂಜೆ ಐದೂ ಹತ್ತಕ್ಕೆ. ಅದು ತಪ್ಪಿದರೆ ಆ ದಿನಕ್ಕೆ ಮತ್ತೆ ಬಸ್ಸಿಲ್ಲ.

ನಡುವಿನ ಐದು ಗಂಟೆ ಎಲ್ಲಿ ಕಳೆಯುವುದು? ದುರ್ಗದ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ಬಂಡೆಗಳಿಂದಲೂ ಬರುತ್ತದೆ. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚು ಕಾದ ಹೆಂಚಿನ ಹಾಗಿರುತ್ತಿತ್ತು. ಹೋಟೆಲಿನಲ್ಲಿ ಒಂದು ಚಿತ್ರಾನ್ನ ತಿಂದು ಎಷ್ಟು ಹೊತ್ತು ಕೂರಲು ಸಾಧ್ಯ? ಟಾಕೀಸಿನ ಒಳಗೆ ಫ್ಯಾನು ತಿರುಗುತ್ತಿತ್ತು, ಕತ್ತಲಿತ್ತು. ನನ್ನನ್ನು ಸಿನಿಮಾದ ಅಭಿಮಾನಿ ಎಂದು ಊರಿನವರು ತಿಳಿದಿದ್ದರು. ನಾನು ಅಭಿಮಾನಿಯಾಗಿದ್ದದ್ದು ಆ ಫ್ಯಾನಿಗೆ.

ಎರಡೂವರೆಯ ಆಟ. ಮೊದಲು ಸ್ಲೈಡುಗಳು, ಆಮೇಲೆ ಜನ ನ್ಯೂಸ್ ರೀಲು ಎನ್ನುತ್ತಿದ್ದ ಸರ್ಕಾರಿ ಚಿಕ್ಕ ಚಿತ್ರ, ಆಮೇಲೆ ಅಸಲು ಸಿನಿಮಾ. ಅದು ಮುಗಿಯುವಾಗ ಐದೂವರೆ ಆಗುತ್ತಿತ್ತು. ನಮ್ಮ ಬಸ್ಸು ಐದೂ ಹತ್ತಕ್ಕೆ. ಇದು ನನ್ನೊಬ್ಬನ ಕಷ್ಟವಲ್ಲ. ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಕೋರ್ಟಿಗೆ, ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ ಬಂದವರು ಎಷ್ಟೋ ಜನ ನನ್ನ ಹಾಗೆಯೇ ಅಲ್ಲಿ ಕೂತಿರುತ್ತಿದ್ದರು. ಐದಕ್ಕೆ ಐದು ನಿಮಿಷವಿದೆ ಎನ್ನುವಾಗ ಬಾಗಿಲು ಕಾಯುವವನು ಪಕ್ಕದ ಪರದೆಯನ್ನು ಒಂದಿಷ್ಟು ಸರಿಸಿ ಮೆಲ್ಲಗೆ ಕೂಗುತ್ತಿದ್ದ:

"ಐದೂ ಹತ್ತರ ಬಸ್ಸಿನೋರು! ಹೊಳಲ್ಕೆರೆ, ಚಿಕ್ಕಜಾಜೂರು! ಏಳ್ರಪ್ಪ, ಏಳ್ರಿ!"

ತೆರೆಯ ಮೇಲೆ ಹೀರೋ ಖಳನ ಕುತ್ತಿಗೆಗೆ ಕೈ ಹಾಕಿರುತ್ತಿದ್ದ. ಇಲ್ಲಿ ಎರಡು ಸಾಲು ಜನ ಚೀಲ ಎತ್ತಿಕೊಂಡು ಏಳುತ್ತಿದ್ದರು. ಹಿಂದಿನವರು "ಕುಂತ್ಕಳ್ರೋ, ಅಡ್ಡ ಆಗ್ತೈತೆ" ಎಂದು ಬೈಯುತ್ತಿದ್ದರು. ನಾವು ತಲೆ ತಗ್ಗಿಸಿಕೊಂಡು ಬಿಸಿಲಿಗೆ ಬಂದು ಬಸ್‌ಸ್ಟ್ಯಾಂಡಿನ ಕಡೆಗೆ ಓಡುತ್ತಿದ್ದೆವು.

ಉಳಿದ ಭಾಗ ತಯಾರಾಗುತ್ತಿದ್ದದ್ದು ಬಸ್ಸಿನಲ್ಲಿ. ಟಿಕೆಟ್ಟು ತೆಗೆದುಕೊಂಡು, ಬೆವರು ಒರೆಸಿಕೊಂಡ ಮೇಲೆ ಯಾರಾದರೂ ಶುರು ಮಾಡುತ್ತಿದ್ದರು.

"ಆ ತಂಗಿ ಬದುಕ್ತಾಳೆ ಅಂತೀಯೇನಪ್ಪ?"

"ಎಲ್ಲಿ ಬದುಕ್ತಾಳೆ, ಬುಲೆಟ್ ಬಿದ್ದೈತೆ."

"ಭುಜಕ್ಕೆ ಬಿದ್ದಿರೋದು ಮಾರಾಯ. ಭುಜಕ್ಕೆ ಬಿದ್ರೆ ಯಾವ ಪಿಚ್ಚರ್‌ನಾಗೂ ಸಾಯಲ್ಲ."

"ಹಂಗಾದ್ರೆ ಮದುವೆ ಇನ್‌ಸ್ಪೆಕ್ಟ್ರಿಗೆ ಮಾಡ್ಸಾಣ ಬಿಡು."

ಬಸ್ಸು ಹೊಳಲ್ಕೆರೆ ಮುಟ್ಟುವುದರೊಳಗೆ ಯಾರು ಸಾಯಬೇಕು, ಯಾರು ಜೈಲಿಗೆ ಹೋಗಬೇಕು, ಯಾರ ಕೈ ಯಾರ ಕೈಗೆ ಸೇರಬೇಕು ಎಂಬುದು ನಿಶ್ಚಯವಾಗುತ್ತಿತ್ತು. ಒಮ್ಮೊಮ್ಮೆ ಕಂಡಕ್ಟರನೇ ತೀರ್ಮಾನ ಕೊಡುತ್ತಿದ್ದ. ಅವನು ಯಾವ ಸಿನಿಮಾವನ್ನೂ ನೋಡಿದವನಲ್ಲ. ಆದರೂ ಅವನು ಹೇಳಿದ ಕೊನೆಗಳು ಚೆನ್ನಾಗಿರುತ್ತಿದ್ದವು. ಆ ಕೊನೆಯನ್ನೇ ನಾನು ಊರಿಗೆ ತಂದು, ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆ ಜಗಲಿಯ ಮೇಲೆ ಏಳೆಂಟು ಜನ ಸೇರುತ್ತಿದ್ದರು. ಹೆಂಗಸರು ಒಳಗೆ, ಬಾಗಿಲ ಹಿಂದೆ. "ಏನಪ್ಪ, ಹೆಂಗೈತೆ ಪಿಚ್ಚರ್ರು? ಟ್ರ್ಯಾಕ್ಟ್ರು ಕಟ್ಬೌದಾ?" ಎಂದು ಕೇಳುತ್ತಿದ್ದರು. ದುರ್ಗದಲ್ಲಿ ಓಡಿದ ಚಿತ್ರ ಮೂರು ನಾಲ್ಕು ವಾರದ ಮೇಲೆ ಹೊಳಲ್ಕೆರೆಗೆ ಬರುತ್ತಿತ್ತು. ಚೆನ್ನಾಗಿದೆ ಎಂದು ನಾನು ಹೇಳಿದರೆ ಊರಿನ ಹೆಂಗಸರು ಮಕ್ಕಳು ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸಿಕೊಂಡು ಹೋಗುತ್ತಿದ್ದರು. ಬೇಡ ಎಂದರೆ ಇಲ್ಲ.

ಅಭಿಪ್ರಾಯಗಳು ಬೇಕಾದಷ್ಟಿದ್ದವು ನನ್ನಲ್ಲಿ. ತೊಂಬತ್ತರ ಆ ಮೊದಲ ವರ್ಷಗಳಲ್ಲಿ ಬೇಸಿಗೆಗೆ ಬರುತ್ತಿದ್ದವು ಹೆಚ್ಚಾಗಿ ಊರ ಗೌಡರ ಚಿತ್ರಗಳು. ಬಿಳಿ ಪಂಚೆ, ದೊಡ್ಡ ಮೀಸೆ, ಅಂಗಳದಲ್ಲಿ ನ್ಯಾಯ ಪಂಚಾಯಿತಿ. ನಮ್ಮ ಕಡೆ ಅಂಥ ಗೌಡರನ್ನು ನಾನು ಕಂಡಿಲ್ಲ. ನಾನು ಕಂಡ ಗೌಡರು ಸೈಕಲ್ಲಿನ ಮೇಲೆ ಮೇವು ತರುತ್ತಿದ್ದರು. ಹಾವಿನ ಚಿತ್ರಗಳು ಬಂದರೆ ಹೆಂಗಸರು ನಂಬುತ್ತಿದ್ದರು, ನಾನು ನಿದ್ದೆ ಮಾಡುತ್ತಿದ್ದೆ. ಕಾಲೇಜಿನ ಪ್ರೇಮದ ಚಿತ್ರಗಳಲ್ಲಿ ಯಾರೂ ಪುಸ್ತಕ ಬಿಚ್ಚುತ್ತಿರಲಿಲ್ಲ. ಶಾಲೆಯ ಜವಾನನಾಗಿ ನನಗೆ ಅದು ಸರಿಬೀಳುತ್ತಿರಲಿಲ್ಲ. ತಮಾಷೆಯ ಚಿತ್ರಗಳು ಮಾತ್ರ ನನಗೆ ಇಷ್ಟ. ಅವುಗಳಲ್ಲಿ ಕೊನೆ ನೋಡದಿದ್ದರೂ ನಡೆಯುತ್ತದೆ.

ಒಂದು ಸಲ ಸಿಕ್ಕಿಬಿದ್ದೆ. ಅಣ್ಣತಮ್ಮಂದಿರು ಕಡೆಗೆ ಒಂದಾಗುತ್ತಾರೆ, ಮನೆಮಂದಿಯೆಲ್ಲ ನೋಡಬಹುದು ಎಂದು ಹೇಳಿ ಕಳಿಸಿದ ಚಿತ್ರದಲ್ಲಿ ತಮ್ಮನೇ ಅಣ್ಣನನ್ನು ಕಡಿದು ಹಾಕಿದ್ದನಂತೆ. ಮಾರನೆಯ ದಿನ ನಮ್ಮ ಓಣಿಯ ಹಿರಿಯರೊಬ್ಬರು ಟವೆಲು ಕೊಡವುತ್ತಾ ಬಂದರು.

"ಲೇ ಜವಾನ, ಎಲ್ಲಪ್ಪ ಒಂದಾದ್ರು? ನಮ್ಮನೇಲಿ ಸೊಸೆ ರಾತ್ರಿ ಊಟ ಮಾಡ್ಲಿಲ್ಲ!"

"ಮಾವ, ದುರ್ಗದಾಗೆ ನಾನು ನೋಡಿದ್ದು ಹೊಸ ಪ್ರಿಂಟು," ಎಂದೆ. "ಹೊಳಲ್ಕೆರೆಗೆ ಬರೋ ಹೊತ್ತಿಗೆ ಕಡೇ ರೀಲು ಹರಿದೋಗಿರ್ತೈತೆ. ಒಂದಾಗೋದು ಆ ರೀಲಿನಾಗೆ ಐತೆ."

ಅವರು ತಲೆಯಾಡಿಸಿದರು. "ಅದಕ್ಕೇ ಮತ್ತೆ! ಆ ಟಾಕೀಸಿನೋನಿಗೆ ಬುದ್ಧಿ ಇಲ್ಲ," ಎಂದು ಹೊರಟುಹೋದರು.

ಅಂದು ತಪ್ಪಿಸಿಕೊಂಡೆನಾದರೂ ಹೆದರಿಕೆ ಹತ್ತಿತು. ಅಲ್ಲಿಂದ ಮುಂದೆ ಕೊನೆಯ ಬಗ್ಗೆ ಅನುಮಾನವಿದ್ದ ಚಿತ್ರಗಳನ್ನೆಲ್ಲ ಬೇಡ ಎನ್ನತೊಡಗಿದೆ. ಯಾರೂ ಹೋಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ವರ್ಷಗಳಲ್ಲಿ ನಾನು ಕೆಟ್ಟದ್ದೆಂದ ಚಿತ್ರಗಳೆಲ್ಲ ಕೆಟ್ಟವಾಗಿರಲಿಲ್ಲ. ಅವುಗಳನ್ನು ಮಾಡಿದವರು ಎಲ್ಲಾದರೂ ಇದ್ದರೆ ಕ್ಷಮೆ ಕೇಳುತ್ತೇನೆ. ಅದು ಸಣ್ಣ ಕ್ಷಮೆ.

ನನ್ನ ಹೆಂಡತಿಯ ತವರು ಐಮಂಗಲ. ಹೆದ್ದಾರಿಯ ಪಕ್ಕದ ಊರು. ಅವಳು ಚಿಕ್ಕವಳಿದ್ದಾಗ ಅವರ ಹಿತ್ತಲಿನ ಆಚೆಯ ಬಯಲಿಗೆ ಪ್ರತಿ ಬೇಸಿಗೆ ಟೆಂಟ್ ಸಿನಿಮಾ ಬರುತ್ತಿತ್ತಂತೆ. ಅವರಪ್ಪ ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟವರಲ್ಲ. ಅವಳು ಹಿತ್ತಲ ಕಲ್ಲಿನ ಮೇಲೆ ಕೂತು, ಗುಡಾರದ ಬಟ್ಟೆಯಾಚೆಯಿಂದ ಬರುವ ಮಾತು, ಹಾಡು, ಅಳು ಎಲ್ಲವನ್ನೂ ಕೇಳಿಸಿಕೊಂಡೇ ಬೆಳೆದಳು. ಒಂದು ಚಿತ್ರವನ್ನೂ ಕಣ್ಣಲ್ಲಿ ನೋಡಿರಲಿಲ್ಲ. ಮದುವೆಯಾಗಿ ಬಂದ ಮೇಲಾದರೂ ನೋಡಬಹುದು ಎಂದುಕೊಂಡಿದ್ದಳು.

"ಈ ಸಲ ನಾನೂ ಟ್ರ್ಯಾಕ್ಟ್ರಿನಾಗೆ ಹೋಗಿ ಬರ್ಲೇನ್ರಿ?" ಎಂದು ಪ್ರತಿ ಬೇಸಿಗೆ ಒಮ್ಮೆ ಕೇಳುತ್ತಿದ್ದಳು.

"ಅದ್ರಾಗೇನೈತೆ? ನಾನೇ ಎಲ್ಲಾ ಹೇಳ್ತೀನಲ್ಲ," ಎನ್ನುತ್ತಿದ್ದೆ. ಅವಳು ಕೊನೆಯವರೆಗೆ ನೋಡಿ ಬಂದರೆ ನನ್ನ ಬಂಡವಾಳ ಬಯಲಾಗುತ್ತಿತ್ತು. ಊರಿನವರಿಗೆ ರೀಲು ಹರಿದ ಕತೆ ಹೇಳಬಹುದು, ಮನೆಯಲ್ಲಿ ಅದು ನಡೆಯುವುದಿಲ್ಲ.

ಅವಳಿಗೆ ಹೇಳುವಾಗ ಮಾತ್ರ ಹೆಚ್ಚು ಮುತುವರ್ಜಿ ವಹಿಸುತ್ತಿದ್ದೆ. ತೆರೆ ಎಷ್ಟು ದೊಡ್ಡದೆಂದು ಕೇಳಿದ್ದಕ್ಕೆ, "ನಮ್ಮ ಕೆರೆ ಏರಿ ಎತ್ತಿ ನಿಲ್ಸಿದಂಗೆ" ಎಂದಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೆರೆ ಏರಿ ಎದ್ದು ನಿಂತದ್ದನ್ನು ಮನಸ್ಸಿನಲ್ಲೇ ನೋಡಿದ್ದಳು.

ಈಗ ಆ ಚಿಕ್ಕ ಚಿತ್ರಗಳ ವಿಷಯಕ್ಕೆ ಬರುತ್ತೇನೆ. ಮುಂದೂಡುತ್ತಲೇ ಬಂದಿದ್ದೇನೆ.

ನ್ಯೂಸ್ ರೀಲು ಓಡುವಾಗ ಜನ ಹೊರಗೆ ನಿಂತು ಬೀಡಿ ಸೇದುತ್ತಿದ್ದರು. ನಾನು ಫ್ಯಾನಿಗಾಗಿ ಮೊದಲೇ ಒಳಗೆ ಹೋಗುತ್ತಿದ್ದವನು, ಒಂದನ್ನೂ ಬಿಡದೆ ನೋಡಿದ್ದೇನೆ. ಹೊಗೆ ಬಾರದ ಒಲೆ, ಹೊಲಕ್ಕೆ ಒಡ್ಡು ಹಾಕುವುದು, ರೇಷ್ಮೆ ಹುಳು, ರೈಲ್ವೆ ಗೇಟಿನಲ್ಲಿ ಆತುರ ಪಡಬಾರದೆಂಬುದು. ಯಾವ ನಾಡಿನ ಚಿತ್ರಕ್ಕೋ ಆಮೇಲೆ ಕನ್ನಡದ ದನಿ ಸೇರಿಸಿರುತ್ತಿದ್ದರು. ದನಿ ಬಹಳ ಗಂಭೀರ. ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದವು. ಟಾಕೀಸಿನಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ನೋಡಿದ ಚಿತ್ರಗಳೆಂದರೆ ಅವೇ.

ಅವುಗಳಲ್ಲಿ ಒಂದು ಕಣ್ಣಿನದು. ಒಂದೇ ಬೇಸಿಗೆಯಲ್ಲಿ ನಾಲ್ಕೈದು ಸಲ ನೋಡಿದೆ, ಸಿನಿಮಾ ಬದಲಾದರೂ ಅದು ಬದಲಾಗಲಿಲ್ಲ. ಹಳ್ಳಿಯ ಹೆಂಗಸೊಬ್ಬಳಿಗೆ ಸಂಜೆ ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ಗಂಡನಿಗೆ ಹೇಳುತ್ತಾಳೆ. ಗಂಡ ಮಾರನೆಯ ದಿನವೇ ಎತ್ತಿನ ಗಾಡಿ ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಬಿಳಿ ಕೋಟಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ ಔಷಧ ಕೊಡುತ್ತಾರೆ, ಕಣ್ಣು ಉಳಿಯುತ್ತದೆ. ಕೊನೆಯಲ್ಲಿ ಆ ಗಂಭೀರ ದನಿ ಹೇಳುತ್ತದೆ: ಇದು ಪೊರೆಯಲ್ಲ, ಕಣ್ಣೊಳಗಿನ ಒತ್ತಡ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಬಹುದು, ತಡ ಮಾಡಬೇಡಿ.

ಆ ಬೇಸಿಗೆ ಒಂದು ವಾರ ಅಸಲು ಸಿನಿಮಾದಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಜಗಲಿ ತುಂಬಾ ಜನ ಕೂತಿದ್ದಾರೆ, ಕರೆಂಟು ಹೋಗಿದೆ. ಅವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಆ ಕಣ್ಣಿನ ಚಿತ್ರವನ್ನೇ ಆಡಿ ತೋರಿಸಿದೆ. ಬಿಳಿ ಟವೆಲನ್ನು ಕೋಟಿನಂತೆ ಹೊದ್ದು, ಲಾಟೀನು ಎತ್ತಿ ಹಿಡಿದು, ಪುಸ್ತಕದ ಭಾಷೆಯಲ್ಲಿ ಕೇಳಿದೆ:

"ತಾಯೀ, ದೀಪದ ಸುತ್ತಲೂ ತಮಗೆ ಎಷ್ಟು ಬಳೆಗಳು ಗೋಚರಿಸುತ್ತಿವೆ?"

"ಒಂದು ಡಜನ್ ಡಾಕ್ಟ್ರೆ!" ಎಂದ ಒಬ್ಬ, ಹೆಣ್ಣಿನ ದನಿ ಮಾಡಿ.

"ಬಣ್ಣ?"

"ಹಸಿರು ಗಾಜಿಂದು! ಬಳೆಗಾರ್ರಿಗೆ ಕೊಡೋ ದುಡ್ಡು ಉಳೀತು ಬಿಡ್ರಿ!"

ಜಗಲಿಯೆಲ್ಲ ನಕ್ಕಿತು. ಬಾಗಿಲ ಹಿಂದೆ ನನ್ನ ಹೆಂಡತಿಯೂ ನಕ್ಕದ್ದು ಕೇಳಿಸಿತು. ನಗು ಅಷ್ಟು ಜೋರಾಗಿದ್ದಾಗ ಕೊನೆಯ ಮಾತನ್ನು ಹೇಳುವುದು ಹೇಗೆ? ಹೇಳಲಿಲ್ಲ. ಕಾಣದ ಕೊನೆಗಳನ್ನೆಲ್ಲ ಕಟ್ಟಿ ಹೇಳಿದವನು, ಕಣ್ಣಾರೆ ಕಂಡ ಒಂದು ಕೊನೆಯನ್ನು ನುಂಗಿಕೊಂಡೆ. ಆಮೇಲೆ ನಮ್ಮೂರಿನಲ್ಲಿ ಅದೊಂದು ಗಾದೆಯಂತಾಯಿತು. ಯಾರಾದರೂ ಎಡವಿದರೆ, "ಏನು, ಬಳೆ ಕಂಡ್ವಾ?" ಎನ್ನುತ್ತಿದ್ದರು.

ನಾಲ್ಕೈದು ವರ್ಷ ಕಳೆದಿರಬಹುದು. ಒಂದು ಸಂಜೆ ಅಂಗಳದಲ್ಲಿ ಹೆಂಗಸರು ಹುಣಸೆಹಣ್ಣು ಬಿಡಿಸುತ್ತಿದ್ದರು. ನನ್ನ ಹೆಂಡತಿ ಬೀದಿ ದೀಪದ ಕಡೆ ನೋಡುತ್ತಾ, "ನಂಗೂ ಈಗೀಗ ಬಳೆ ಕಾಣ್ತವೆ ಕಣ್ರೇ," ಎಂದಳು.

ಪಕ್ಕದ ಮನೆಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಂಡ ಸಿನಿಮಾಕ್ಕೆ ಕರ್ಕಂಡೋಗಲ್ಲ, ಅದಕ್ಕೆ ಇವಳಿಗೆ ಮನೇಲೇ ಪಿಚ್ಚರ್ ಕಾಣ್ತೈತೆ!"

ನಾನು ಜಗಲಿಯ ಮೇಲಿದ್ದೆ. ಅವಳು ನನ್ನ ಕಡೆ ತಿರುಗಿದಳು. ನಾನು ಕೂತಲ್ಲಿಂದಲೇ, "ಎಷ್ಟು ಡಜನ್ನು?" ಎಂದು ಕೇಳಿದೆ. ಅವಳೂ ನಕ್ಕು ಸುಮ್ಮನಾದಳು.

ಆ ಕ್ಷಣದಲ್ಲಿ ನನಗೆ ಆ ದನಿಯ ಮಾತು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಅದರ ಹಿಂದೆಯೇ ನಮ್ಮ ಕಡೆಯ ಮಾತೂ ನೆನಪಾಯಿತು: ವಯಸ್ಸಾದ ಮೇಲೆ ಪೊರೆ ಬರುತ್ತದೆ, ಪೊರೆ ಬಲಿಯಬೇಕು, ಬಲಿತ ಮೇಲೆ ಕ್ಯಾಂಪಿನಲ್ಲಿ ತೆಗೆಸಿದರಾಯಿತು. ನಮ್ಮವ್ವನಿಗೂ ಹಾಗೆಯೇ ಮಾಡಿಸಿದ್ದೆವು. ಎರಡು ಮಾತಿನಲ್ಲಿ ಸುಲಭವಾದದ್ದನ್ನು ಹಿಡಿದುಕೊಂಡೆ. ಆಮೇಲೆ ಅವಳು ಒಂದೆರಡು ಸಲ ತಲೆನೋವು ಎಂದಳು. ಹೊಸಿಲು ಎಡವಿದಳು. ಪಕ್ಕದಲ್ಲಿಟ್ಟ ಚೊಂಬಿಗೆ ಕೈ ತಗಲಿ ಉರುಳಿಸಿದಳು. "ಪೊರೆ ಬಲೀತೈತೆ, ಬಲೀಲಿ," ಎಂದೆ. ಹಣ್ಣಾಗಲೆಂದು ಮಾವಿನಕಾಯಿ ಅಡೆ ಹಾಕಿದವನ ಹಾಗೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಿನಿಮಾಗಳೂ ಬೇರೆಯಾದವು. ಗೌಡರು ಹೋಗಿ ರೌಡಿಗಳು ಬಂದರು. ಎಲ್ಲರ ಕೈಯಲ್ಲೂ ಉದ್ದನೆಯ ಮಚ್ಚು, ಮುಖದ ತುಂಬಾ ಗಡ್ಡ. ಹಾಡಿಗೆ ಮಾತ್ರ ವಿಮಾನ ಹತ್ತಿ ಹಿಮದಲ್ಲಿ ಕುಣಿದು ಬರುತ್ತಿದ್ದರು. ನ್ಯೂಸ್ ರೀಲು ನಿಂತೇಹೋಯಿತು. ಸದ್ದು ಹೆಚ್ಚಿ ಎದೆಗೆ ಗುದ್ದಿದಂತಾಗುತ್ತಿತ್ತು. ಊರಿಗೆ ಕೇಬಲ್ಲು ಬಂತು, ಜಗಲಿಗೆ ಜನ ಬರುವುದು ಕಡಿಮೆಯಾಯಿತು. ನನಗೂ ಸಾಕಾಗಿತ್ತು. ಟಪಾಲಿಗೆ ಹೋದಾಗ ಸುಮ್ಮನೆ ಹೋಗಿ ಕೂರುತ್ತಿದ್ದೆ, ಅರ್ಧಕ್ಕೆ ಬರುತ್ತಿದ್ದೆ.

ಆಗ ಒಂದು ಲಾರಿ ಡ್ರೈವರನ ಚಿತ್ರ ಬಂತು. ಸಣ್ಣ ಚಿತ್ರ, ಹೊಸಬರೇ ಇದ್ದರು. ಚಿಕ್ಕಂದಿನಲ್ಲಿ ಹೆದ್ದಾರಿಯಲ್ಲಿ ಕಳೆದುಹೋದ ತಾಯಿಯನ್ನು ಅವನು ಲಾರಿ ಓಡಿಸುತ್ತಾ ಹುಡುಕುವ ಕತೆ. ಹಿರಿಯೂರಿನ ಕಡೆ ಹೆದ್ದಾರಿಯಲ್ಲಿ ಅದನ್ನು ತೆಗೆದಿದ್ದಾರೆ, ಐಮಂಗಲದ ಹೋಟೆಲೊಂದು ಕಾಣುತ್ತದೆ ಎಂದು ತವರಿನಿಂದ ಬಂದ ನನ್ನ ಹೆಂಡತಿಯ ತಮ್ಮ ಹೇಳಿಹೋಗಿದ್ದ. ಅವಳು ಹಿಡಿದ ಹಟ ಬಿಡಲಿಲ್ಲ.

"ನಮ್ಮೂರು ಪಿಚ್ಚರ್‌ನಾಗೆ ಬಂದೈತೆ. ಅದನ್ನೂ ನೀವೇ ನೋಡಿ ಬಂದು ಹೇಳ್ತೀರಾ?" ಎಂದಳು. ಅಷ್ಟು ಚೂಪಾಗಿ ಅವಳು ಮಾತಾಡಿದ್ದು ಕಡಿಮೆ.

"ಆತು, ಹೋಗಾಣ," ಎಂದೆ.

ಟಪಾಲಿನ ದಿನವೇ ಕರೆದುಕೊಂಡು ಹೋದೆ. ರೇಷ್ಮೆ ಸೀರೆ ಉಟ್ಟಿದ್ದಳು, ಬಿಸಿಲಿಗೆ ಸೆರಗು ತಲೆಯ ಮೇಲೆ. ಕಚೇರಿಯ ಮೆಟ್ಟಿಲ ಮೇಲೆ ಕೂತು ಕಾದಳು. ಟಾಕೀಸಿನ ಕತ್ತಲಲ್ಲಿ ನನ್ನ ತೋಳು ಬಿಗಿಯಾಗಿ ಹಿಡಿದು ನಡೆದಳು, ಹೊಸಬಳಲ್ಲವೇ ಎಂದುಕೊಂಡೆ. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಇಷ್ಟೇ ಅಗಲಾನಾ ಇದು? ನೀವು ಕೆರೆ ಏರಿ ಅಷ್ಟು ಅಂತಿದ್ರಿ."

"ಇನ್ನೇನು ನಿಜವಾಗ್ಲೂ ಕೆರೆ ಏರಿ ಅಷ್ಟಿರ್ತೈತಾ? ನೋಡು ಸುಮ್ನೆ."

"ಮೊರದಷ್ಟು ಕಾಣ್ತೈತೆ ಕಣ್ರಿ," ಎಂದಳು.

ನಕ್ಕೆ. ಆಮೇಲೆ ಅವಳ ಕಡೆ ನೋಡಿದೆ. ಅವಳು ಕುತ್ತಿಗೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸುತ್ತಿದ್ದಳು. ತೆರೆಯ ಎಡಗಡೆ ಮಾತಾಡುವವನ ಮುಖ ಸಿಕ್ಕರೆ ಬಲಗಡೆಯವನನ್ನು ಹುಡುಕುತ್ತಿದ್ದಳು. ಲಾರಿ ತೆರೆಯ ಈ ತುದಿಯಿಂದ ಆ ತುದಿಗೆ ಓಡಿದರೆ ಅವಳ ತಲೆ ಅದರ ಹಿಂದೆ ಓಡುತ್ತಿತ್ತು, ಮಗ್ಗದ ಲಾಳಿಯಂತೆ. ಐಮಂಗಲದ ಹೋಟೆಲು ಬಂತು. ಮೂಲೆಯಲ್ಲಿ, ಒಂದು ಕ್ಷಣ. "ಅಗೋ ನೋಡು" ಎಂದೆ. ಅವಳು ತಿರುಗುವುದರೊಳಗೆ ಹೋಯಿತು.

"ಎಲ್ಲಿ? ಎಲ್ರಿ?" ಎಂದಳು. ಹಿಂದಿನವರು ಶ್ ಎಂದರು.

ಫ್ಯಾನಿನ ಕೆಳಗೆ ಕೂತಿದ್ದೆ, ಬೆನ್ನೆಲ್ಲ ಬೆವರಿತು. ಆಮೇಲಿನ ಸಿನಿಮಾ ನನಗೆ ನೆನಪಿಲ್ಲ. ನನ್ನ ಕಿವಿಯಲ್ಲಿ ಓಡುತ್ತಿದ್ದದ್ದು ಆ ಹಳೆಯ ಚಿಕ್ಕ ಚಿತ್ರದ ದನಿ.

ಅವಳು ಮಾತ್ರ ಸಂತೋಷದಿಂದಿದ್ದಳು. ಕಾಣದ್ದನ್ನು ಕಿವಿಯಿಂದ ತುಂಬಿಸಿಕೊಂಡು, ತಾಯಿಯ ಮಾತು ಬಂದಾಗ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಲಾರಿಯವನು ಯಾವುದೋ ಊರಿನ ಬಾಗಿಲು ತಟ್ಟುತ್ತಾನೆ. ಒಳಗಿನಿಂದ ಮುದುಕಿಯೊಬ್ಬಳು "ಯಾರಪ್ಪಾ?" ಎನ್ನುತ್ತಾಳೆ. ಅಷ್ಟರಲ್ಲಿ ಪಕ್ಕದ ಪರದೆ ಸರಿಯಿತು.

"ಐದೂ ಹತ್ತರ ಬಸ್ಸಿನೋರು! ಏಳ್ರಪ್ಪ!"

ನಾನು ಎದ್ದೆ. ಹದಿನೈದು ವರ್ಷದ ಅಭ್ಯಾಸ, ಕಾಲು ತಾನೇ ಎದ್ದಿತು. ಅವಳ ಕೈ ಹಿಡಿದು ಎಬ್ಬಿಸಿದೆ.

"ಇನ್ನೂ ಬಾಗ್ಲು ತೆಗ್ದಿಲ್ವಲ್ರಿ," ಎಂದಳು.

"ಬಸ್ಸು ಹೋಗ್ತೈತೆ. ಏಳು."

ದುರ್ಗದ ಹತ್ತಿರದ ಹಿರೇಗುಂಟನೂರಿನಲ್ಲಿ ನನ್ನ ಅಕ್ಕನ ಮನೆಯಿತ್ತು. ಆ ಕಡೆಗೆ ಸಂಜೆಯ ಮೇಲೂ ಬಸ್ಸುಗಳಿದ್ದವು. ಒಂದು ದಿನ ಅಲ್ಲಿ ಉಳಿದಿದ್ದರೆ ಏನೂ ಕಳೆದುಹೋಗುತ್ತಿರಲಿಲ್ಲ. ರಜೆ, ಶಾಲೆಯಲ್ಲಿ ಗಂಟೆ ಹೊಡೆಯುವುದೂ ಇರಲಿಲ್ಲ. ಇದು ನನಗೆ ಹೊಳೆದದ್ದು ಬಸ್ಸು ದುರ್ಗ ದಾಟಿದ ಮೇಲೆ. ಅವಳು ಕಿಟಕಿಯ ಪಕ್ಕ ಕೂತಿದ್ದಳು. ಹಿಂದಿನ ಸೀಟಿನವರು ಎಂದಿನಂತೆ ಕೊನೆ ಕಟ್ಟಲು ಶುರು ಮಾಡಿದ್ದರು. ಮುದುಕಿಯೇ ತಾಯಿ ಎಂದು ಒಬ್ಬ, ಅಲ್ಲ ಎಂದು ಇನ್ನೊಬ್ಬ. ಅವಳು ಅದನ್ನೆಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ದಿನಾ ಹಿಂಗೇ ಏನ್ರಿ ನೀವು ನೋಡ್ತಿದ್ದಿದ್ದು?"

ನಾನು ಹೂಂ ಎಂದೆ.

ಆ ವಾರವೇ ದುರ್ಗದ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ದಾವಣಗೆರೆಗೆ ಬರೆದುಕೊಟ್ಟರು. ಎರಡೂ ಕಡೆ ಒಂದೇ ಮಾತು: ಕಣ್ಣೊಳಗಿನ ಒತ್ತಡ, ಬಹಳ ತಡವಾಗಿದೆ. ದಾವಣಗೆರೆಯ ಡಾಕ್ಟರು ನನ್ನನ್ನು ಕರೆದು, "ದೀಪದ ಸುತ್ತ ಬಣ್ಣ ಕಾಣುತ್ತೆ ಅಂತ ಇವರು ಯಾವತ್ತಾದರೂ ಹೇಳಿದ್ದರಾ?" ಎಂದು ಕೇಳಿದರು. "ಇಲ್ಲ ಸಾರ್," ಎಂದೆ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಏನೂ ಮಾತಾಡಲಿಲ್ಲ. ಔಷಧ ಹಾಕಿದೆವು, ಆಪರೇಷನ್ನೂ ಆಯಿತು. ಮೊರದಷ್ಟಿದ್ದದ್ದು ತಟ್ಟೆಯಷ್ಟಾಯಿತು, ಲೋಟದ ಬಾಯಿಯಷ್ಟಾಯಿತು, ನಾಲ್ಕೈದು ವರ್ಷದಲ್ಲಿ ಮುಚ್ಚಿಹೋಯಿತು. ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: "ಯಾರಿಗೆ ಗೊತ್ತಿತ್ತು?"

ನಾನು ನಿವೃತ್ತನಾದ ಮೇಲೆ ಹೊಸದುರ್ಗದಲ್ಲಿರುವ ಮಗಳ ಮನೆಗೆ ಬಂದೆವು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮನೆಯಲ್ಲಿ ದೊಡ್ಡ ಟೀವಿಯಿದೆ. ಮಧ್ಯಾಹ್ನ ಅವಳು ಅದರ ಮುಂದೆ ಕೂತು ಹಳೆಯ ಚಿತ್ರಗಳನ್ನು ಕೇಳುತ್ತಾಳೆ. ನಾನು ಪಕ್ಕದಲ್ಲಿ ಕೂತು, ಮಾತಿಲ್ಲದ ಕಡೆ ಏನಾಗುತ್ತಿದೆ ಎಂದು ಹೇಳುತ್ತೇನೆ. ಈಗ ಹಿಡಿಯಬೇಕಾದ ಬಸ್ಸಿಲ್ಲ. ತೆರೆಯ ಮೇಲೆ ಹೆಸರುಗಳೆಲ್ಲ ಹರಿದುಹೋಗುವವರೆಗೂ ಕೂರುತ್ತೇನೆ. ನಿಜವಾದ ಕೊನೆಗಳು ಬಹಳಷ್ಟು ಪೇಲವ. ಎಲ್ಲರೂ ಒಂದು ಕಡೆ ನಿಂತು ನಗುತ್ತಾರೆ, ಅಷ್ಟೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಹಳ ಹಳೆಯ ಚಿತ್ರವೊಂದು ಬಂತು. ಮದುವೆಯಾದ ಹೊಸತರಲ್ಲಿ ದುರ್ಗದಲ್ಲಿ ಅದು ಮತ್ತೆ ಓಡಿದಾಗ ನೋಡಿ ಬಂದು ಅವಳಿಗೆ ಹೇಳಿದ್ದೆ. ಕೊನೆ ಹತ್ತಿರ ಬಂದಾಗ ಅವಳು ನಕ್ಕಳು.

"ಇದ್ರಾಗೆ ಅವಳು ಸಾಯ್ತಾಳೆ. ನೀವು ಬದುಕ್ಸಿ ಮದುವೆ ಮಾಡ್ಸಿದ್ರಿ."

"ನಿಂಗೆಂಗೆ ಗೊತ್ತು?"

"ನಮ್ಮ ಹಿತ್ಲಿನಾಗೆ ಕೇಳಿಲ್ವ? ಆ ಸಲ ಟೆಂಟಿನೋನು ಅದೊಂದನ್ನೇ ಎಷ್ಟು ದಿನ ಓಡ್ಸಿದ್ದ. ನೀವು ಹೇಳಿದ್ದು ಸುಳ್ಳು ಅಂತ ಅವತ್ತೇ ಗೊತ್ತಾತು. ಪಾಪ, ಬದುಕ್ಲಿ ಬಿಡು ಅಂತ ಸುಮ್ನಾದೆ."

ಅಷ್ಟು ವರ್ಷ ನನ್ನ ಸುಳ್ಳು ಕೇಳಿಕೊಂಡು ಸುಮ್ಮನಿದ್ದವಳು. ಡಾಕ್ಟರ ಮುಂದೆ ನಾನು ಇಲ್ಲವೆಂದಾಗಲೂ ಸುಮ್ಮನಿದ್ದವಳು. ಟೀವಿಯಲ್ಲಿ ಜಾಹೀರಾತು ಶುರುವಾಗಿತ್ತು. ನಾನು ದನಿ ಕಡಿಮೆ ಮಾಡಿ ಹೇಳಿದೆ. ಆ ಕಣ್ಣಿನ ಚಿತ್ರ ನಾಲ್ಕೈದು ಸಲ ನೋಡಿದ್ದೆ. ಅದರ ಕೊನೆ ಗೊತ್ತಿತ್ತು. ಹೋದ ದೃಷ್ಟಿ ಬರುವುದಿಲ್ಲ, ತಡ ಮಾಡಬೇಡಿ ಎಂದಿದ್ದರು. ಜಗಲಿಯಲ್ಲಿ ಅದನ್ನು ಬಿಟ್ಟು ಆಡಿ ತೋರಿಸಿದೆ. ನೀನು ಬಳೆ ಕಾಣುತ್ತವೆ ಎಂದಾಗ ಅದು ನೆನಪಾಯಿತು. ನೆನಪಾಗಿಯೂ ಡಜನ್ ಲೆಕ್ಕ ಕೇಳಿದೆ.

ಅವಳು ಮಡಿಲಲ್ಲಿದ್ದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು. ಬಳೆಗಳು ಸದ್ದಾದವು.

"ಆ ಚಿತ್ರದಾಗೆ ಆ ಹೆಂಗ್ಸಿನ ಕಣ್ಣು ಏನಾತು?" ಎಂದು ಕೇಳಿದಳು.

ಬಾಯಿಗೆ ಒಂದು ಕೊನೆ ಬಂದಿತ್ತು. ಅವಳಿಗೂ ಹೋಯಿತು, ಯಾರೂ ಏನೂ ಮಾಡಲಾಗಲಿಲ್ಲ ಎಂಬ ಕೊನೆ. ಅದನ್ನು ಹೇಳಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತೇನೋ.

"ಉಳೀತು," ಎಂದೆ. "ಗಂಡ ಮಾರನೇ ದಿನಾನೇ ಗಾಡಿ ಕಟ್ಟಿದ್ದ."

"ಹೂಂ," ಎಂದಳು.

ಸ್ವಲ್ಪ ಹೊತ್ತಿನ ಮೇಲೆ, "ಅಡ್ವಟೈಜು ಮುಗ್ದಿರ್ಬೇಕು, ದನಿ ಜಾಸ್ತಿ ಮಾಡ್ರಿ," ಎಂದಳು. ಮಾಡಿದೆ. ತೆರೆಯ ಮೇಲೆ ಆ ಹೆಣ್ಣು ಸಾಯುತ್ತಿದ್ದಳು. ಅಲ್ಲಿ ಮಾತಿರಲಿಲ್ಲ, ಬರಿಯ ಸಂಗೀತ. ನಾನು ಏನನ್ನೂ ಸೇರಿಸದೆ, ಏನನ್ನೂ ಬಿಡದೆ, ಆಗುತ್ತಿದ್ದುದನ್ನು ಒಂದೊಂದಾಗಿ ಹೇಳಿದೆ.